ಬಾಗಿಲಲ್ಲಿ ತಡೆದ ಹೂವು

ಸೇರಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ದೊಡ್ಡಕ್ಕನ ತಾಯಿಯವರಿಗೆ — ಅಮ್ಮಾ, ಮೊದಲ ನಮಸ್ಕಾರ ನಿಮಗೆ. ಪಕ್ಕದಲ್ಲಿರುವ ದೊಡ್ಡಕ್ಕನ ಯಜಮಾನರಿಗೆ, ಮಗಳಿಗೆ. ದೊಡ್ಡ ಡಾಕ್ಟರಿಗೆ, ನಮ್ಮ ವಾರ್ಡಿನ ಸಿಸ್ಟರುಗಳಿಗೆ, ಲ್ಯಾಬಿನವರಿಗೆ, ಲಾಂಡ್ರಿಯವರಿಗೆ. ಹಿಂದಿನ ಸಾಲುಗಳಲ್ಲಿ ಮಾಸ್ಕ್ ಹಾಕಿಕೊಂಡು ಒಬ್ಬರಿಂದೊಬ್ಬರು ದೂರ ದೂರ ಕುಳಿತಿರುವ ನಮ್ಮ ಹಳೆಯ ರೋಗಿಗಳಿಗೆ — ರೋಗಿಗಳು ಎಂದರೆ ದೊಡ್ಡಕ್ಕ ಬೈಯುತ್ತಿದ್ದರು — ನಮ್ಮವರಿಗೆ, ವಿಶೇಷ ನಮಸ್ಕಾರ.

ಕೇಳಿಸುತ್ತಿದೆಯೇ? ಹಿಂದಿನವರಿಗೂ? ಮೈಕು ಕುಂಯ್ ಎನ್ನುತ್ತಿದೆ, ನನ್ನಿಂದಲೇ ಇರಬೇಕು. ಬಾಗಿಲ ಹತ್ತಿರ ಇರುವವರು ಒಮ್ಮೆ ನೋಡಿ, ಸರಿಯಾಗಿ ಮುಚ್ಚಿದೆಯೇ ಅಂತ. ಹೂಂ. ಇನ್ನೊಮ್ಮೆ ನೋಡಿ.

ನನ್ನನ್ನು ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾನು ಪಕ್ಕದ ಮಜ್ಜೆ ವಾರ್ಡಿನಲ್ಲಿ ನೆಲ ಒರೆಸುತ್ತೇನೆ, ಬಾಗಿಲು ಕಾಯುತ್ತೇನೆ. ವಾರ್ಡ್ ಬಾಯ್ ಎನ್ನುತ್ತಾರೆ. ತಲೆಗೂದಲೆಲ್ಲ ಬೆಳ್ಳಗಾದ ಮೇಲೂ ನಾನು ಬಾಯ್. ಇಷ್ಟು ಡಾಕ್ಟರುಗಳಿರುವಾಗ ಅರ್ಧಕ್ಕೆ ಶಾಲೆ ಬಿಟ್ಟವನು ಇಲ್ಲಿ ನಿಂತು ಮಾತಾಡುವುದೇ, ಎಂದು ನೀವು ಕೇಳಬಹುದು. ಆದರೆ ಇವತ್ತು ನಾನೇ ಮಾತಾಡಬೇಕು. ಯಾಕೆಂದರೆ ಬೆಳಿಗ್ಗೆ ಈ ಬಾಗಿಲಲ್ಲಿ ಒಂದು ಮಾತಾಯಿತು. ಅದಕ್ಕೆ ನಾನು ಉತ್ತರ ಕೊಡಲಿಲ್ಲ.

ಆದದ್ದು ಇಷ್ಟು. ದೊಡ್ಡಕ್ಕನ ತಾಯಿಯವರು ಬಂದರು. ತೋಳಿನ ತುಂಬ ಹೂವು. ತಮ್ಮ ಮನೆಯ ಗಿಡದವು, ಅವರೇ ಕುಯ್ದು ತಂದವು, ಎಲೆಯ ಮೇಲೆ ಇನ್ನೂ ನೀರಿತ್ತು. ಮಗಳ ಫೋಟೋದ ಮುಂದೆ ಇಡಬೇಕು ಎಂದು. ನಾನು ಬಾಗಿಲಿಗೆ ಅಡ್ಡ ನಿಂತೆ. ಹೀಗೆ — ಎರಡೂ ಕೈ ಅಗಲಿಸಿ. ಮಗಳನ್ನು ಕಳೆದುಕೊಂಡ ತಾಯಿಗೆ ಅಡ್ಡ ನಿಂತೆ ನಾನು. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಕೇಳಿದರು: "ಯಾಕಪ್ಪಾ? ನನ್ನ ಮಗಳಿಗೆ ನಾನು ಹೂವು ಇಡಬಾರದಾ?"

ಹೂವನ್ನು ಅವರ ಕೈಯಿಂದ ತೆಗೆದುಕೊಂಡೆ, ಹೊರಗೆ ಹೋದೆ. ಒಳಗೆ ಬಂದಾಗ ಅಮ್ಮ ಬರಿಗೈಯಲ್ಲಿ ಕುಳಿತಿದ್ದರು. ಈ ಫೋಟೋ ನೋಡಿ. ಒಂದು ಎಸಳೂ ಇಲ್ಲ. ಇಷ್ಟು ವರ್ಷ ದುಡಿದವರಿಗೆ ಆಸ್ಪತ್ರೆಯವರು ಒಂದು ಹೂವೂ ಇಡಲಿಲ್ಲವಲ್ಲ ಎಂದು ಬಂಧುಗಳು ಗುಸುಗುಸು ಮಾತಾಡಿದ್ದು ನನಗೆ ಕೇಳಿಸಿತು. ಅವರದೇನೂ ತಪ್ಪಿಲ್ಲ. ಹೊರಗಿನಿಂದ ನೋಡಿದರೆ ಅವಮಾನದ ಹಾಗೇ ಕಾಣುತ್ತದೆ. ಅಮ್ಮಾ, ಅದು ಅವಮಾನವಲ್ಲ. ಅದು ಏನು ಎನ್ನುವುದನ್ನು ಹೇಳುವುದಕ್ಕೇ ನಿಂತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ. ನನಗೆ ಚಿಕ್ಕದಾಗಿ ಹೇಳಲು ಬರುವುದಿಲ್ಲ, ಚಿಕ್ಕದಾಗಿ ಹೇಳಿದರೆ ಏನೋ ಬಿಟ್ಟುಹೋಯಿತು ಎಂದು ನಿದ್ದೆ ಬರುವುದಿಲ್ಲ.

ದೊಡ್ಡಕ್ಕ ನಮ್ಮ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ವಾರ್ಡು ಶುರುವಾದಾಗಿನಿಂದ ಅವರೇ. ಹೋದ ವಾರ ಡ್ಯೂಟಿ ಮುಗಿಸಿ ಮನೆಗೆ ಹೋದರು, ಚಪ್ಪಲಿ ಬಿಟ್ಟು ಕುರ್ಚಿಯಲ್ಲಿ ಕುಳಿತರು, ಎದೆಬಡಿತ ನಿಂತುಹೋಯಿತು. ಅಷ್ಟೇ. ಅದರ ಬಗ್ಗೆ ನಾನು ಹೆಚ್ಚು ಹೇಳಲಾರೆ.

ಅವರು ನನ್ನನ್ನು ಆರಿಸಿಕೊಂಡದ್ದು ಹೇಗೆ ಗೊತ್ತೇ? ಮೊದಲು ನಾನು ಮೂಳೆ ಮುರಿದವರ ವಾರ್ಡಿನಲ್ಲಿದ್ದೆ. ಅಲ್ಲಿಂದ ಓಡಿಸಿದರು. ಅದಕ್ಕೂ ಮುಂಚೆ ಮಕ್ಕಳ ವಾರ್ಡು, ಅಲ್ಲಿಂದಲೂ ಓಡಿಸಿದರು. ದೂರು ಎಲ್ಲ ಕಡೆ ಒಂದೇ. ಇವನು ಒರೆಸಿದ್ದನ್ನೇ ಒರೆಸುತ್ತಾನೆ, ಮುಚ್ಚಿದ ಬಾಗಿಲನ್ನೇ ಮುಚ್ಚುತ್ತಾನೆ, ಎಲ್ಲರನ್ನೂ ಪ್ರಶ್ನೆ ಕೇಳಿ ಕೇಳಿ ತಲೆ ತಿನ್ನುತ್ತಾನೆ. ನಿಜ. ನನ್ನ ಸ್ವಭಾವವೇ ಅದು. ಕೈ ತೊಳೆದು ತೊಳೆದು ಚರ್ಮ ಎದ್ದಿರುತ್ತಿತ್ತು. ದೊಡ್ಡಕ್ಕ ಆ ಕೈಯನ್ನು ನೋಡಿದರು. ಹಿಡಿದು, ಮಗುಚಿ, ಎರಡೂ ಕಡೆ ನೋಡಿದರು.

"ಏನಯ್ಯಾ ಇದು?"

"ಹೆದರಿಕೆ ಸಿಸ್ಟರ್. ಕೊಳೆ ಉಳಿದಿದ್ರೆ ಅಂತ."

"ಬಾ ನನ್ನ ಜೊತೆ," ಎಂದರು. ಆಫೀಸಿನವರು "ಅಯ್ಯೋ ಮೇಡಂ, ಇವನು ಬರೀ ಪುಕ್ಕಲ" ಎಂದರಂತೆ. ಅದಕ್ಕೆ ದೊಡ್ಡಕ್ಕ, "ಧೈರ್ಯವಂತ್ರನ್ನ ಬೇರೆ ವಾರ್ಡಿಗೆ ಕಳ್ಸಿ. ನನ್ನ ಬಾಗಿಲಿಗೆ ಹೆದರೋನೇ ಬೇಕು" ಎಂದರಂತೆ. ಅವತ್ತಿನಿಂದ ನನ್ನ ಹೆಸರು ಗಾಬರಿ. ಇಲ್ಲಿರುವ ಅರ್ಧ ಜನಕ್ಕೆ ನನ್ನ ನಿಜವಾದ ಹೆಸರು ಗೊತ್ತಿಲ್ಲ. ಬೇಕಾಗಿಯೂ ಇಲ್ಲ.

ಆ ವಾರ್ಡಿನಲ್ಲಿ ಹೆದರುವುದು ಯಾಕೆ ಬೇಕು? ಅದು ತಿಳಿಯಬೇಕಾದರೆ ನಮ್ಮ ಮೈಯಲ್ಲಿ ರಕ್ತ ಹೇಗೆ ಹುಟ್ಟುತ್ತದೆ ಎನ್ನುವುದು ತಿಳಿಯಬೇಕು. ದೊಡ್ಡಕ್ಕ ಅದನ್ನು ಹೊಸದಾಗಿ ಬಂದ ಪ್ರತಿ ಮನೆಯವರಿಗೂ ಕಾರಿಡಾರಿನಲ್ಲಿ ನಿಂತೇ ಹೇಳುತ್ತಿದ್ದರು. ಚಿತ್ರ ಇಲ್ಲ, ಪುಸ್ತಕ ಇಲ್ಲ. ತಮ್ಮ ಮೈಯನ್ನೇ ತಟ್ಟಿ ತೋರಿಸುತ್ತಿದ್ದರು. ಸೊಂಟದ ಮೂಳೆ — ಇಲ್ಲಿ. ಎದೆಯ ಮೂಳೆ — ಇಲ್ಲಿ. ಪಕ್ಕೆಲುಬು. ಬೆನ್ನು. "ರಕ್ತ ಹೃದಯದಲ್ಲಿ ಹುಟ್ಟಲ್ಲ ರೀ. ಹೃದಯ ಬರೀ ತಳ್ಳುತ್ತೆ. ಹುಟ್ಟೋದು ಮೂಳೆ ಒಳಗೆ." ನನಗೆ ಪಕ್ಕದಲ್ಲಿ ಒರೆಸುತ್ತಾ ಕೇಳಿಸಿಕೊಂಡು ಕೇಳಿಸಿಕೊಂಡು ಬಾಯಿಪಾಠವಾಗಿದೆ. ತಪ್ಪಿದರೆ ದೊಡ್ಡ ಡಾಕ್ಟರು ಇಲ್ಲೇ ಇದ್ದಾರೆ, ತಿದ್ದಲಿ.

ಮೂಳೆಯ ಒಳಗೆ ಮೆತ್ತಗಿನ ಮಜ್ಜೆ. ಅದರೊಳಗೆ ಅಲ್ಲೊಂದು ಇಲ್ಲೊಂದು ತಾಯಿಕಣ. ಡಾಕ್ಟರುಗಳು ಕಾಂಡಕೋಶ ಎನ್ನುತ್ತಾರೆ, ದೊಡ್ಡಕ್ಕ ತಾಯಿಕಣ ಎನ್ನುತ್ತಿದ್ದರು. ಅದು ಒಡೆದು ಎರಡಾಗುತ್ತದೆ. ಒಂದು ತಾಯಿಯಾಗಿಯೇ ಮನೆಯಲ್ಲಿ ಉಳಿಯುತ್ತದೆ, ಇನ್ನೊಂದು ಕೆಲಸಕ್ಕೆ ಹೊರಡುತ್ತದೆ. ಹೊರಟದ್ದು ಮತ್ತೆ ಮತ್ತೆ ಒಡೆಯುತ್ತದೆ, ಹಂತ ಹಂತವಾಗಿ ಕಸುಬು ಕಲಿಯುತ್ತದೆ. ಕೆಲವು ಕೆಂಪು ಕಣ, ಗಾಳಿ ಹೊರುವವು. ಕೆಲವು ಬಿಳಿ ಕಣ, ರೋಗದ ಜೊತೆ ಹೊಡೆದಾಡುವವು. ಕೆಲವು ಆನೆಯ ಹಾಗೆ ದಪ್ಪಗೆ ಬೆಳೆದು, ಆಮೇಲೆ ತಾವೇ ಚೂರು ಚೂರಾಗಿ ಉದುರುತ್ತವೆ. ಆ ಚೂರುಗಳೇ ಗಾಯವಾದಾಗ ಹೋಗಿ ರಂಧ್ರ ಮುಚ್ಚುವುದು.

ಕೆಂಪು ಕಣದ ಕಥೆ ಕೇಳಿದಾಗ ನನಗೆ ಎರಡು ದಿನ ಊಟ ಸೇರಲಿಲ್ಲ. ಅದು ಮೂಳೆ ಬಿಟ್ಟು ಹೊರಡುವ ಮುಂಚೆ ತನ್ನ ನಡುವಿನ ತಿರುಳನ್ನೇ ಎಸೆದುಬಿಡುತ್ತದಂತೆ. ಗಾಳಿ ತುಂಬಿಕೊಳ್ಳಲು ಜಾಗ ಬೇಕಲ್ಲ.

"ಅಕ್ಕಾ, ತಿರುಳಿಲ್ದೆ ಅದು ಬದುಕೋದು ಹೇಗೆ?"

"ನಾಲ್ಕು ತಿಂಗಳು ಬದುಕುತ್ತೆ ಕಣೋ."

"ಆಮೇಲೆ?"

"ಆಮೇಲೆ ಇನ್ನೊಂದು ಬರುತ್ತೆ."

"ಬರ್ಲಿಲ್ಲ ಅಂದ್ರೆ?"

"ಅದನ್ನ ನೋಡ್ಕೊಳ್ಳೋಕೆ ಮೂತ್ರಪಿಂಡ ಇದೆ. ಮೈಯಲ್ಲಿ ಗಾಳಿ ಕಮ್ಮಿ ಆಯ್ತು ಅಂದ್ರೆ ಎಲ್ಲರಿಗಿಂತ ಮೊದ್ಲು ಗಾಬರಿ ಆಗೋದು ಅದಕ್ಕೆ. ಮೂಳೆಗೆ ಹೇಳಿ ಕಳ್ಸುತ್ತೆ — ಇನ್ನಷ್ಟು ಕೆಂಪು ಮಾಡ್ರಪ್ಪೋ, ಸಾಲ್ತಿಲ್ಲ, ಅಂತ." ಆಮೇಲೆ ನನ್ನ ಮುಖ ನೋಡಿ ನಕ್ಕರು. "ನೀನು ನಮ್ಮ ವಾರ್ಡಿನ ಕಿಡ್ನಿ ಕಣೋ, ಗಾಬರಿ."

ಯಾರಾದರೂ ನಿಮ್ಮನ್ನು ಕಿಡ್ನಿ ಎಂದರೆ ನೀವು ಬೈಗುಳ ಎಂದುಕೊಳ್ಳುತ್ತೀರಿ. ನಾನು ಅವತ್ತು ಎದೆ ಉಬ್ಬಿಸಿಕೊಂಡು ಮನೆಗೆ ಹೋದೆ. ಎಲ್ಲ ಕಡೆ ಬೈಸಿಕೊಂಡ ನನ್ನ ಸ್ವಭಾವಕ್ಕೆ ಮೈಯೊಳಗೇ ಒಂದು ಜಾಗ ತೋರಿಸಿಕೊಟ್ಟರು. ಅದು ಬಿರುದು. ಇವತ್ತಿಗೂ ಬಿರುದು.

ನಮ್ಮ ವಾರ್ಡಿಗೆ ಬರುವವರಿಗೆ ಈ ಮೂಳೆಯೊಳಗಿನ ಕೆಲಸ ಕೆಟ್ಟಿರುತ್ತದೆ, ಇಲ್ಲವೇ ನಿಂತಿರುತ್ತದೆ. ಉಳಿದದ್ದನ್ನೂ ಔಷಧಿ ಕೊಟ್ಟು ಖಾಲಿ ಮಾಡಿ, ಬೇರೆಯವರ ತಾಯಿಕಣ ಹಾಕುತ್ತಾರೆ. ಖಾಲಿ ಮಾಡಿದ ಮೇಲೆ, ಹೊಸದು ಬೇರು ಹಿಡಿಯುವ ತನಕ, ಆ ಮೈಯಲ್ಲಿ ಹೊಡೆದಾಡಲು ಯಾರೂ ಇಲ್ಲ. ಬಿಳಿ ಕಣ ಸೊನ್ನೆ. ನಮಗೆ ಏನೂ ಮಾಡದ ಒಂದು ಧೂಳು ಅವರಿಗೆ ಪ್ರಾಣಕ್ಕೇ ಬರುತ್ತದೆ. ಅದಕ್ಕೇ ಎರಡು ಬಾಗಿಲು. ಒಂದು ಮುಚ್ಚಿದ ಮೇಲೇ ಇನ್ನೊಂದು ತೆಗೆಯಬೇಕು. ಅದಕ್ಕೇ ಹೆದರುವವನು.

ಈಗ ನಾನು ಹೇಳಬೇಕಾದ ಕಥೆ.

ಒಬ್ಬ ಟೈಲರಮ್ಮ ನಮ್ಮಲ್ಲಿಗೆ ಬಂದರು. ಮಜ್ಜೆ ಬತ್ತಿಹೋಗಿತ್ತು. ಮೈಯೆಲ್ಲ ಕಪ್ಪು ಕಲೆ, ವಸಡಿನಲ್ಲಿ ರಕ್ತ. ಮನೆಯವರನ್ನೆಲ್ಲ ಪರೀಕ್ಷೆ ಮಾಡಿದರು. ಟೈಲರಮ್ಮನಿಗೆ ಹೊಂದಿದ್ದು ಒಬ್ಬನೇ ಒಬ್ಬನ ಮಜ್ಜೆ, ಕೊನೆಯ ತಮ್ಮನದು. ಮನೆಯಲ್ಲಿ ಅವನಿಗೆ ಇಟ್ಟ ಹೆಸರು ಚಾಪೆ. ಯಾವಾಗ ನೋಡಿದರೂ ಚಾಪೆಯ ಮೇಲೇ ಇರುತ್ತಾನೆ ಎಂದು. ಯಾವ ಕೆಲಸದಲ್ಲೂ ನಿಲ್ಲಲಿಲ್ಲ. ಪಂಕ್ಚರ್ ಅಂಗಡಿ, ಗೋಡೌನು, ಬಣ್ಣ ಬಳಿಯುವುದು — ಎಲ್ಲ ಬಿಟ್ಟು ಬಂದು ಮಲಗಿದವನು. ಸೊಂಟದ ಮೂಳೆಯಿಂದ ಮಜ್ಜೆ ತೆಗೆಯಬೇಕು, ಮತ್ತು ಬರಿಸಿ ಮಲಗಿಸಿ ತೆಗೆಯುತ್ತೇವೆ, ಅವನೇನೂ ಮಾಡಬೇಕಾಗಿಲ್ಲ ಎಂದು ಡಾಕ್ಟರು ಹೇಳಿದಾಗ ಅವರ ಚಿಕ್ಕಮ್ಮ ಎಲ್ಲರ ಎದುರಿಗೇ ಅಂದರು: "ಮಲಗೋ ಕೆಲ್ಸ ಅಲ್ವಾ? ಹಾಗಿದ್ರೆ ನಮ್ಮ ಚಾಪೆನೇ ಸರಿ!" ಎಲ್ಲರೂ ನಕ್ಕರು. ಅವನೂ ನಕ್ಕ. ದೊಡ್ಡಕ್ಕ ನಗಲಿಲ್ಲ.

ಮಜ್ಜೆ ತೆಗೆದರು. ಚೀಲದಲ್ಲಿ ಕೆಂಪಗೆ, ಮಂದವಾಗಿ. ಅದನ್ನು ಟೈಲರಮ್ಮನ ಮಂಚದ ಮೇಲೆ ನೇತುಹಾಕಿ, ಎದೆಯ ಹತ್ತಿರದ ನಾಳಕ್ಕೆ ಹನಿ ಹನಿಯಾಗಿ ಬಿಟ್ಟರು. ಅಷ್ಟೇನೇ ಎಂದು ನನಗೆ ಕಳವಳ ಹತ್ತಿತು. ಮೂಳೆಗೆ ಹೋಗಬೇಕಾದದ್ದನ್ನು ರಕ್ತನಾಳಕ್ಕೆ ಬಿಟ್ಟರೆ?

"ಅಕ್ಕಾ, ಅದಕ್ಕೆ ವಿಳಾಸ ಯಾರು ಹೇಳ್ತಾರೆ? ದಾರಿ ತಪ್ಪಿ ಕಾಲಿಗೆ ಹೋಗ್ಬಿಟ್ರೆ?"

ದೊಡ್ಡಕ್ಕ ಚೀಲ ನೋಡುತ್ತಲೇ ಹೇಳಿದರು: "ನಾವು ಅಮ್ಮನ ಹೊಟ್ಟೇಲಿದ್ದಾಗ ಈ ತಾಯಿಕಣ ಮೊದ್ಲು ಮೂಳೇಲಿ ಇರ್ಲಿಲ್ಲ ಕಣೋ. ಪಿತ್ತಕೋಶದ ಪಕ್ಕ ಯಕೃತ್ತು, ಅದೇ ಲಿವರು, ಅಂತ ಇದೆಯಲ್ಲ, ಅಲ್ಲಿ ಬಾಡಿಗೆಗೆ ಇತ್ತು. ಮೂಳೆ ಗಟ್ಟಿಯಾದ ಮೇಲೆ ಗಂಟುಮೂಟೆ ಕಟ್ಕೊಂಡು, ರಕ್ತದಲ್ಲೇ ತೇಲ್ಕೊಂಡು ಬಂದು ಮನೆ ಮಾಡ್ತು. ಹುಟ್ಟೋ ಮುಂಚೆನೇ ಮನೆ ಬದಲಾಯಿಸಿ ಗೊತ್ತು ಅದಕ್ಕೆ. ದಾರಿ ಅದೇ ಹುಡ್ಕುತ್ತೆ. ನೀನು ಬಾಗಿಲು ನೋಡು."

ನಾನು ಬಾಗಿಲು ನೋಡಿದೆ.

ಆಮೇಲೆ ಕಾಯುವುದು. ಎರಡು ಮೂರು ವಾರ ಆಗುತ್ತದೆ ಸಾಮಾನ್ಯವಾಗಿ. ದಿನಾ ಬೆಳಿಗ್ಗೆ ರಕ್ತ ತೆಗೆಯುತ್ತಾರೆ, ಲ್ಯಾಬಿನವರು ಎಣಿಸುತ್ತಾರೆ. ಸೊನ್ನೆ. ಮರುದಿನ ಸೊನ್ನೆ. ಅದರ ಮರುದಿನ ಸೊನ್ನೆ. ಟೈಲರಮ್ಮನ ಬಾಯಿ, ಗಂಟಲು ಎಲ್ಲ ಹುಣ್ಣು. ಉಗುಳು ನುಂಗಲೂ ಆಗುತ್ತಿರಲಿಲ್ಲ. ಮಾತು ನಿಂತೇಹೋಯಿತು, ಬೇಕಾದ್ದನ್ನು ಬೆರಳಲ್ಲಿ ತೋರಿಸುತ್ತಿದ್ದರು. ಮೂರು ವಾರ ದಾಟಿತು. ದೊಡ್ಡ ಡಾಕ್ಟರು ಮನೆಯವರನ್ನು ಕೂರಿಸಿಕೊಂಡು, ಬೇರು ಹಿಡಿಯದೇ ಹೋದರೆ ತಮ್ಮನಿಂದಲೇ ಇನ್ನೊಮ್ಮೆ ತೆಗೆಯಬೇಕಾಗಬಹುದು ಎಂದರು.

ಕಾರಿಡಾರಿನಲ್ಲಿ ಚಿಕ್ಕಮ್ಮ ಬಾಯಿ ತೆರೆದರು. ಕೆಟ್ಟವರಲ್ಲ ಅವರು. ಟೈಲರಮ್ಮನನ್ನು ಸಾಕಿದವರೇ ಅವರು, ಸಂಕಟಕ್ಕೆ ಬಾಯಿ ಜೋರಾಗಿತ್ತು. "ಇವನ ರಕ್ತ ಇವನ ಹಾಗೇ! ಒಳಗೆ ಹೋಗಿ ಚಾಪೆ ಹಾಸ್ಕೊಂಡು ಮಲಗಿದೆ!"

ಅವತ್ತು ಚಾಪೆ ನನ್ನ ಹತ್ತಿರ ಬಂದ. ಬಾಗಿಲ ಪಕ್ಕ ನೆಲಕ್ಕೆ ಕುಳಿತು ಮೆಲ್ಲಗೆ ಕೇಳಿದ: "ಅಣ್ಣಾ, ನಿಜವಾಗ್ಲೂ ಮಲಗಿಬಿಟ್ಟಿರುತ್ತಾ?"

ಕೇಳಬಾರದವನನ್ನು ಕೇಳಿದ. ನನಗೂ ಅದೇ ಚಿಂತೆ. ಇಬ್ಬರೂ ಸೇರಿ ಚಿಂತೆ ಮಾಡಿದೆವು. ಮರುದಿನ ಬೆಳಿಗ್ಗೆ ನೋಡಿದರೆ ಅವನು ಕೈಚೀಲ ಹಿಡಿದುಕೊಂಡು ಮೆಟ್ಟಿಲ ಕಡೆ ಹೊರಟಿದ್ದಾನೆ. ಎಲ್ಲಿಗೆ ಎಂದರೆ, "ಎಲ್ಲಾದ್ರೂ" ಎಂದ. ಅವನು ಹೋದರೆ, ಇನ್ನೊಮ್ಮೆ ಬೇಕಾದರೆ, ಆ ಅಕ್ಕನಿಗೆ ಇಡೀ ಮನೆಯಲ್ಲಿ ಬೇರೆ ಯಾರೂ ಇಲ್ಲ. ಓಡಿಹೋಗಿ ದೊಡ್ಡಕ್ಕನಿಗೆ ಹೇಳಿದೆ. ಕಿಡ್ನಿಯ ಕೆಲಸ ಅದೇ ತಾನೇ.

ಇಲ್ಲಿ ಒಂದು ವಿಷಯ ಹೇಳಬೇಕು. ದೊಡ್ಡಕ್ಕನದ್ದು ಒಂದು ನಿಯಮ ಇತ್ತು, ಸಿಸ್ಟರುಗಳಿಗೆಲ್ಲ ಗೊತ್ತು. ಎಣಿಕೆ ಏರಿದ ಮೊದಲ ದಿನ ಯಾರಿಗೂ ಹೇಳಬಾರದು. ಎರಡನೇ ದಿನವೂ ಹೇಳಬಾರದು. ಮೂರು ದಿನ ಸಾಲಾಗಿ ನಿಂತರೆ ಮಾತ್ರ ಬೇರು ಹಿಡಿಯಿತು ಎಂದು ಹೇಳಬೇಕು. ಮನೆಯವರ ಆಸೆಯ ಜೊತೆ ಆಟ ಆಡಬಾರದು ಎನ್ನುತ್ತಿದ್ದರು. ಎಷ್ಟೋ ತಾಯಂದಿರು ಕಾಲಿಗೆ ಬಿದ್ದು ಕೇಳಿದರೂ ಅವರು ಹೇಳಿದವರಲ್ಲ.

ಅವತ್ತು ಅವರು ಮೆಟ್ಟಿಲಿಳಿದು ಹೋಗಿ ಚಾಪೆಯ ಕೈಚೀಲ ಹಿಡಿದರು. ಹಿಡಿದು ಹೇಳಿಬಿಟ್ಟರು. "ಇವತ್ತು ಬಂದಿವೆ ಕಣಪ್ಪಾ. ಸ್ವಲ್ಪ. ಬೆರಳೆಣಿಕೆಯಷ್ಟು. ಆದ್ರೆ ಬಂದಿವೆ. ನಿನ್ನಕ್ಕನ ಮೂಳೆ ಖಾಲಿ ಇತ್ತು, ಗೊತ್ತಲ್ಲ? ಈಗ ಯಾವುದು ಬಂದ್ರೂ ಅದು ನಿಂದೇ."

ಅವನು ಕೈಚೀಲವನ್ನು ಅಲ್ಲೇ ಬಿಟ್ಟು ಓಡಿದ. ಎಲ್ಲಿಗೆ ಓಡಿದ ಎಂದು ನಮಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ವಾಪಸು ಬಂದ — ಕೈ ತುಂಬ ಹೂವು! ಇವನ ಮುಖವೇ ಕಾಣದಷ್ಟು ಹೂವು. ಅಕ್ಕನಿಗೆ ಕೊಡಬೇಕು ಎಂದು ನೇರ ಬಾಗಿಲಿಗೆ ನುಗ್ಗಿದ. ನಾನು ಅಡ್ಡ ನಿಂತೆ. ಹೀಗೆ. ಇವತ್ತಿನ ಹಾಗೇ. ಅವನು ನನಗಿಂತ ಎರಡರಷ್ಟಿದ್ದಾನೆ.

"ಬಿಡಣ್ಣಾ!"

"ಆಗಲ್ಲಪ್ಪ."

"ನನ್ನ ರಕ್ತ ಒಳಗೆ ಹೋಗ್ಬಹುದು, ನನ್ನ ಹೂವು ಹೋಗ್ಬಾರ್ದಾ?"

ಅಮ್ಮಾ, ನೀವು ಬೆಳಿಗ್ಗೆ ಕೇಳಿದ ಮಾತು ಅದೇ. ಗಲಾಟೆಗೆ ಎಲ್ಲರೂ ಬಂದು ಸೇರಿದರು. ಚಿಕ್ಕಮ್ಮ, ಡಾಕ್ಟರುಗಳು, ಎಲ್ಲರೂ. ದೊಡ್ಡಕ್ಕ ಒಳಗಿನಿಂದ ಬಂದರು. ಉತ್ತರ ಕೊಟ್ಟವರು ಅವರು. ಅವರ ಮಾತನ್ನೇ ಇವತ್ತು ನಿಮಗೆ ಒಪ್ಪಿಸುತ್ತೇನೆ.

"ಕೇಳಪ್ಪಾ. ನಿನ್ನ ರಕ್ತ ಒಳಗೆ ಈಗಷ್ಟೇ ಮನೆ ಮಾಡಿದೆ. ಅದರ ಮಕ್ಕಳು ಇನ್ನೂ ಗೋಡೆ ಹಿಡ್ಕೊಂಡು ನಡೀತಿವೆ. ಎಂಥ ಚೆಂದದ ಹೂವಾದ್ರೂ ಅದರ ಎಸಳ ಸಂದೀಲಿ, ತೊಟ್ಟಿನ ನೀರಲ್ಲಿ ಬೂಷ್ಟು ಇರುತ್ತೆ. ಕಣ್ಣಿಗೆ ಕಾಣಲ್ಲ. ನಿನಗೆ ನನಗೆ ಏನೂ ಆಗಲ್ಲ. ನಿನ್ನಕ್ಕನ ಉಸಿರಿಗೆ ಅದು ಹೋದ್ರೆ ತಡೆಯೋರು ಯಾರು? ಆ ಪುಟ್ಟ ಮಕ್ಕಳು. ನಿನ್ನವೇ. ನಿನ್ನ ಮಕ್ಕಳ ಮೇಲೆ ನೀನೇ ಕಲ್ಲು ಹೊರಿಸ್ತೀಯಾ?"

ಅವನ ಕೈ ಕೆಳಗಾಯಿತು. ಆಮೇಲೆ ದೊಡ್ಡಕ್ಕ ಡಾಕ್ಟರುಗಳ ಕಡೆ ತಿರುಗಿದರು. ಅಷ್ಟೂ ಜನರ ಎದುರಿಗೆ ಹೇಳಿದರು: "ಇವನದ್ದಲ್ಲ ತಪ್ಪು, ನಂದು. ಮೂರು ದಿನ ಕಾಯದೆ ನಾನೇ ಹೇಳ್ಬಿಟ್ಟೆ. ಅದಕ್ಕೇ ಇದು." ವಾರ್ಡಿನ ಯಜಮಾನಿ, ಯಾರೂ ಕೇಳದೆ, ಕಾರಿಡಾರಿನಲ್ಲಿ. ಅಂಥವರ ಕೈಕೆಳಗೆ ನಾವು ಕೆಲಸ ಮಾಡಿದವರು. ಸಿಸ್ಟರುಗಳೇ, ತಲೆ ಎತ್ತಿ ಕುಳಿತುಕೊಳ್ಳಿ. ಅಳುವುದು ಆಮೇಲೆ ಇದ್ದೇ ಇದೆ.

ಆಮೇಲೆ ಏನು ಮಾಡಿದರು ಗೊತ್ತೇ? ಡ್ಯೂಟಿಯಲ್ಲಿರುವಾಗ ಎಂದೂ ಹೊರಗೆ ಕಾಲಿಡದವರು, ಚಾಪೆಯನ್ನು ಕರೆದುಕೊಂಡು ಕಟ್ಟಡ ಸುತ್ತಿ ಹಿತ್ತಲಿಗೆ ಹೋದರು, ಸ್ಕೂಟರು ನಿಲ್ಲಿಸುವ ಕಡೆ. ಟೈಲರಮ್ಮನ ಕಿಟಕಿ ಯಾವುದು ಎಂದು ತೋರಿಸಿದರು. ನಮ್ಮ ಕಿಟಕಿಗಳು ತೆರೆಯುವುದಿಲ್ಲ, ಬರೀ ಗಾಜು. ಅದರ ಹೊರಗಿನ ಕಟ್ಟೆಯ ಮೇಲೆ ಆ ಹೂವನ್ನೆಲ್ಲ ಇಬ್ಬರೂ ಸೇರಿ ಜೋಡಿಸಿದರು. ಒಳಗೆ ನಾನಿದ್ದೆ. ಟೈಲರಮ್ಮ ತಲೆ ತಿರುಗಿಸಿ ನೋಡಿದರು. ನೋಡುತ್ತಲೇ ಇದ್ದರು.

ಇನ್ನೇನು ಎಲ್ಲ ಸರಿಹೋಯಿತು ಎಂದುಕೊಂಡಿರಾ? ಮರುದಿನ ಎಣಿಕೆ ಬಂತು. ಸೊನ್ನೆ.

ನಾನು ಬಕೆಟ್ಟು ಹಿಡಿದು ಒರೆಸಿದ ನೆಲವನ್ನೇ ಮತ್ತೆ ಒರೆಸಿದೆ. ಚಿಕ್ಕಮ್ಮ ಈಗ ಬೈಯಲೂ ಇಲ್ಲ, ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡರು. ಚಾಪೆ ದೊಡ್ಡಕ್ಕನ ಎದುರು ನಿಂತು, "ನನ್ನ ಹೂವಿಂದಾನಾ?" ಎಂದ.

"ಹೂವು ಒಳಗೇ ಬಂದಿಲ್ವಲ್ಲೋ."

"ಮತ್ಯಾಕೆ ಹೋಯ್ತು?"

ದೊಡ್ಡಕ್ಕ ಏನೋ ಒಂದು ಸಮಾಧಾನ ಹೇಳಬಹುದಾಗಿತ್ತು. ಹೇಳಲಿಲ್ಲ. "ಗೊತ್ತಿಲ್ಲ ಕಣಪ್ಪಾ," ಎಂದರು. "ಆ ನಿಯಮ ಇರೋದೇ ಇದಕ್ಕೆ. ನಿನ್ನ ಆಸೆ ಎಬ್ಬಿಸಿದವಳು ನಾನು. ಅದಕ್ಕೆ ನಿನ್ನ ಜೊತೆ ನಾನೂ ಕಾಯ್ತೀನಿ. ಆದ್ರೆ ನೀನು ಎಲ್ಲಿಗೂ ಹೋಗಲ್ಲ. ಆಯ್ತಾ?" ಅವನು ಹೋಗಲಿಲ್ಲ. ಹಿತ್ತಲಲ್ಲಿ, ಆ ಕಿಟಕಿಯ ಹೊರಗೆ ನಿಂತ. ಗಾಳಿಗೆ ಕಟ್ಟೆಯ ಮೇಲಿನ ಹೂವು ಬೀಳುತ್ತಿತ್ತು. ಬಿದ್ದದ್ದನ್ನು ಎತ್ತಿ ಎತ್ತಿ ಇಡುತ್ತಿದ್ದ. ಹೂವು ಬಾಡುತ್ತಾ ಬಂತು. ಅವನು ನಿಂತೇ ಇದ್ದ. ದೊಡ್ಡಕ್ಕ ಡ್ಯೂಟಿ ಮುಗಿದ ಮೇಲೂ ಮನೆಗೆ ಹೋಗದೆ, ಹೊರಗೆ ಹೋಗಿ ಅವನ ಪಕ್ಕ ನಿಂತು ಬರುತ್ತಿದ್ದರು. ಅಮ್ಮಾ, ಆ ವಾರ ಮಗಳು ಮನೆಗೆ ತಡವಾಗಿ ಬರುತ್ತಿದ್ದದ್ದು ನಿಮಗೆ ನೆನಪಿರಬಹುದು. ಅವರು ಇದ್ದದ್ದು ಅಲ್ಲಿ.

ಒಂದು ಬೆಳಿಗ್ಗೆ ನಾನು ಟೈಲರಮ್ಮನ ಕೋಣೆ ಒರೆಸುತ್ತಿದ್ದೆ. ಅವತ್ತಿನ ಎಣಿಕೆ ಇನ್ನೂ ಬಂದಿರಲಿಲ್ಲ. ಕೋಲು ಮಂಚದ ಕಾಲಿಗೆ ಟಣ್ ಎಂದು ತಗುಲಿತು. ತಕ್ಷಣ ಒಂದು ಸ್ವರ:

"ಕಣ್ಣು ಕಾಣಲ್ವೇನ್ರೀ? ದಿನಾ ಅದೇ ಕಾಲಿಗೇ ಹೊಡೀತೀರಲ್ಲ!"

ನಾನು ಬೆಚ್ಚಿಬಿದ್ದೆ. ಮೊದಲು ಯಾರು ಮಾತಾಡಿದ್ದು ಎಂದೇ ತಿಳಿಯಲಿಲ್ಲ. ವಾರಗಟ್ಟಲೆ ಉಗುಳು ನುಂಗಲಾಗದ ಗಂಟಲು ಅದು! ಓಡಿದೆ — ಮೊದಲ ಬಾಗಿಲು ಮುಚ್ಚಿ, ಆಮೇಲೆ ಎರಡನೆಯದು ತೆಗೆದು — ಹೋಗಿ ಹೇಳಿದೆ. "ಅಕ್ಕಾ, ಅವ್ರು ನನ್ನ ಬೈದ್ರು!"

"ಬೈದ್ರಾ? ಜೋರಾಗಿ ಬೈದ್ರಾ?" ದೊಡ್ಡಕ್ಕ ಗಡಿಬಿಡಿಯಿಂದ ಗೌನು ಹಾಕಿಕೊಂಡು ಒಳಗೆ ಬಂದರು. ಮಂಚದ ಹತ್ತಿರ ಬಗ್ಗಿದರು. "ಇನ್ನೊಂದ್ಸಲ ಬೈಯಮ್ಮಾ, ನಾನೂ ಕೇಳ್ತೀನಿ. ಇವನನ್ನೇ ಬೈ, ಪರವಾಗಿಲ್ಲ."

ಬಾಯಿಯ ಹುಣ್ಣು ಮಾಯಬೇಕಾದರೆ ಬಿಳಿ ಕಣ ಬಂದಿರಬೇಕು. ಬಂದವು ರಕ್ತದಲ್ಲಿ ಸುತ್ತುತ್ತಾ ಕೂರುವುದಿಲ್ಲವಂತೆ. ನೇರ ಗಾಯ ಇದ್ದ ಕಡೆ ಹೋಗಿ ಕೆಲಸಕ್ಕೆ ಇಳಿಯುತ್ತವಂತೆ. ಇದನ್ನು ಆಮೇಲೆ ದೊಡ್ಡ ಡಾಕ್ಟರು ಹೇಳಿದರು. ಅವತ್ತು ಎಣಿಕೆ ಏರಿತು. ದೊಡ್ಡಕ್ಕ ಯಾರಿಗೂ ಹೇಳಲಿಲ್ಲ. ಮರುದಿನ ಇನ್ನಷ್ಟು. ಹೇಳಲಿಲ್ಲ. ತುಟಿ ಕಚ್ಚಿಕೊಂಡು ಓಡಾಡುತ್ತಿದ್ದರು, ನನ್ನ ಕಣ್ಣಿಗೆ ಕಣ್ಣು ಕೊಡುತ್ತಿರಲಿಲ್ಲ. ಮೂರನೆಯ ದಿನವೂ ಏರಿತು.

ಆಗ ಬಂದರು ಕಾರಿಡಾರಿಗೆ. ಹಿತ್ತಲಿನಿಂದ ಚಾಪೆಯನ್ನು ಕರೆಸಿದರು. ಮಾಸಿದ ಅಂಗಿ, ಬಿಸಿಲಿಗೆ ಕಪ್ಪಾದ ಮುಖ. ಅವನ ಹೆಗಲ ಮೇಲೆ ಕೈ ಇಟ್ಟುಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಬೇರು ಹಿಡೀತು. ಚಿಕ್ಕಮ್ಮಾ, ಕೇಳಿಸ್ಕೊಳ್ಳಿ. ಇವನ ರಕ್ತ ಒಂದು ಕ್ಷಣವೂ ಮಲಗಿಲ್ಲ. ಕತ್ತಲಲ್ಲಿ ದಾರಿ ಹುಡುಕ್ತು, ಮನೆ ಮಾಡ್ತು, ಮಕ್ಕಳು ಮಾಡ್ತು. ಇವನು ನಿಮ್ಮನೇಲಿ ಚಾಪೆ ಮೇಲೆ ಬಿದ್ದಿರ್ತಿದ್ದಾಗ್ಲೂ ಇವನ ಮೂಳೆ ದುಡೀತಾನೇ ಇತ್ತು. ಮಲಗಿದೋನ ಮೂಳೆ ಮಲಗಲ್ಲ ರೀ. ಯಾರದ್ದೂ ಮಲಗಲ್ಲ."

ಚಿಕ್ಕಮ್ಮ ಹೋಗಿ ಅವನ ಅಂಗಿಯ ಮೇಲೆ ಅಂಟಿಕೊಂಡಿದ್ದ ಒಣ ಎಸಳನ್ನು ತೆಗೆದರು. ಆಮೇಲೆ ಅಂಗಿ ಸರಿ ಮಾಡಿದರು. ಆಮೇಲೆ "ಊಟ ಮಾಡಿದ್ಯೇನೋ, ಮುಂಡೇದೇ" ಎಂದು ಗದರಿದರು. ಅಲ್ಲಿಗೆ ಆ ಲೆಕ್ಕ ಮುಗಿಯಿತು.

ಟೈಲರಮ್ಮ ಅಗೋ, ಮೂರನೆಯ ಸಾಲಿನಲ್ಲಿದ್ದಾರೆ. ಕೈ ಎತ್ತುವುದಿಲ್ಲ ಎಂದಿದ್ದಾರೆ, ಅದಕ್ಕೇ ನಾನೇ ತೋರಿಸುತ್ತಿದ್ದೇನೆ. ಅವರ ರಕ್ತದ ಗುಂಪೇ ಬದಲಾಗಿ ಈಗ ತಮ್ಮನ ಗುಂಪು ಬಂದಿದೆ. "ಸೋಮಾರಿತನ ಮಾತ್ರ ಬರ್ಲಿಲ್ಲ, ಅದೊಂದು ಪುಣ್ಯ" ಎನ್ನುತ್ತಾರೆ. ಫೋಟೋದ ಕೆಳಗೆ ಹಾಸಿರುವ ಬಿಳಿ ಬಟ್ಟೆಯ ಅಂಚು ಹೊಲಿದವರು ಅವರೇ. ಕುದಿಯುವ ನೀರಲ್ಲಿ ತೊಳೆದು, ಇಸ್ತ್ರಿ ಮಾಡಿ, ಕವರಿನಲ್ಲಿ ಹಾಕಿ ತಂದರು, ದೊಡ್ಡಕ್ಕ ಹೇಳಿಕೊಟ್ಟ ಹಾಗೆ.

ಈಗ, ಅಮ್ಮಾ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹಿಂದಿನ ಸಾಲುಗಳನ್ನು ಒಮ್ಮೆ ತಿರುಗಿ ನೋಡಿ. ಮಾಸ್ಕ್ ಹಾಕಿಕೊಂಡ ಇಷ್ಟು ಜನ. ಕೆಲವರು ಹೋದ ತಿಂಗಳು ವಾರ್ಡಿನಿಂದ ಹೊರಬಂದವರು. ಅವರ ಮೂಳೆಯಲ್ಲಿ ಯಾರದೋ ಅಣ್ಣ, ಯಾರದೋ ತಂಗಿ ಈಗಷ್ಟೇ ಮನೆ ಮಾಡಿದ್ದಾರೆ. ಬರಬೇಡಿ ಎಂದೆವು. ಬಂದಿದ್ದಾರೆ. ದೊಡ್ಡಕ್ಕನಿಗಾಗಿ ಬಂದಿದ್ದಾರೆ. ಈ ಹಾಲಿನಲ್ಲಿ ಹೂವು ಇಟ್ಟರೆ ದೊಡ್ಡಕ್ಕ ಆ ಫೋಟೋದಿಂದಲೇ ಇಳಿದು ಬಂದು, ಮೊದಲು ಹೂವನ್ನು ಹೊರಗೆ ಹಾಕಿ, ಆಮೇಲೆ ನನ್ನ ಕಿವಿ ಹಿಂಡುತ್ತಿದ್ದರು. ಆ ಫೋಟೋ ಬರಿದಾಗಿಲ್ಲಮ್ಮಾ. ನಿಮ್ಮ ಮಗಳು ಜೀವಮಾನವೆಲ್ಲ ಯಾವ ಬಾಗಿಲು ಕಾದರೋ, ಆ ಬಾಗಿಲನ್ನು ಅವರ ಫೋಟೋಗಾಗಿಯೂ ನಾವು ಸಡಿಲ ಮಾಡಲಿಲ್ಲ. ನಮಗೆ ಗೊತ್ತಿರುವ ಮರ್ಯಾದೆ ಇದು. ಇದಕ್ಕಿಂತ ದೊಡ್ಡ ಮರ್ಯಾದೆ ಈ ವಾರ್ಡಿನವರಿಗೆ ಗೊತ್ತಿಲ್ಲ.

ಇನ್ನು ಹೆಚ್ಚು ಮಾತಿಲ್ಲ. ಎಲ್ಲರೂ ಒಂದು ನಿಮಿಷ ಎದ್ದು ಮೌನವಾಗಿ ನಿಲ್ಲೋಣ. ಸುಸ್ತಾದವರು ಕುಳಿತೇ ಇರಿ. ನಿಂತರೂ ಕುಳಿತರೂ ಮೂಳೆಗೆ ಒಂದೇ. ಈ ಒಂದು ನಿಮಿಷದಲ್ಲಿ ಒಬ್ಬೊಬ್ಬರ ಮೈಯಲ್ಲೂ ಹತ್ತು ಕೋಟಿಗಿಂತ ಹೆಚ್ಚು ಕೆಂಪು ಕಣ ಹುಟ್ಟುತ್ತವೆ ಎನ್ನುತ್ತಿದ್ದರು ದೊಡ್ಡಕ್ಕ. ಯಾರು ಎಣಿಸಿದರೋ ನನಗೆ ತಿಳಿಯದು, ಆದರೆ ಅವರು ಹೇಳಿದ್ದು ಯಾವತ್ತೂ ಸುಳ್ಳಾಗಲಿಲ್ಲ. ನಾವು ಸುಮ್ಮನೆ ನಿಲ್ಲೋಣ. ಅವು ಕೆಲಸ ಮಾಡಲಿ.

ಏಳುವ ಮುಂಚೆ, ಸಿಸ್ಟರ್, ನಿಮ್ಮ ಎಡಗಡೆಯ ಪರದೆ ಸ್ವಲ್ಪ ಸರಿಸಿ. ಕಿಟಕಿ ತೆರೆಯಬೇಡಿ! ಪರದೆ ಮಾತ್ರ. ಹಾಂ, ಇನ್ನೂ ಸ್ವಲ್ಪ.

ಅಮ್ಮಾ, ಆ ಕಡೆ ನೋಡಿ. ನಿಮ್ಮ ಹೂವು. ಹೊರಗಿನ ಕಟ್ಟೆಯ ಮೇಲೆ ಇಡೋಣ ಎಂದುಕೊಂಡೆ, ಗಾಳಿಗೆ ನಿಲ್ಲಲಿಲ್ಲ. ಅದಕ್ಕೇ ಒಬ್ಬ ಬೆಳಗಿನಿಂದ ಅದನ್ನು ತೋಳಲ್ಲಿ ಹಿಡಿದುಕೊಂಡು, ಗಾಜಿಗೆ ಒತ್ತಿಕೊಂಡು ನಿಂತಿದ್ದಾನೆ. ಕುರ್ಚಿ ಕೊಡುತ್ತೇನೆ ಎಂದೆ, ಬೇಡ ಎಂದ.

ಅವನೇ ಚಾಪೆ.

ಎಲ್ಲರೂ ಏಳಿ. ಅವನು ಆಗಲೇ ನಿಂತಿದ್ದಾನೆ.